ಹಸುಗೂಸಿನ ರಾತ್ರಿ ನಿದ್ದೆ: ನೂಲು ಕೇಳುವ ಮೊದಲು ಮನೆಯ ಲೈಟ್ ನೋಡೋಣ

"ಉಸ್ತಾದ್, ಮಗು ರಾತ್ರಿಯಿಡೀ ನಿದ್ದೆ ಮಾಡುವುದಿಲ್ಲ. ಒಂದು ನೂಲು ಮಂತ್ರಿಸಿ ಕೊಡಿ." ಮದ್ರಸದಲ್ಲಿ ಕಲಿಸುವ ನಮ್ಮಂತಹವರಿಗೆ ಈ ಮಾತು ಹೊಸತಲ್ಲ. ಕೇಳಿಕೊಂಡು ಬರುವುದು ಹೆಚ್ಚಾಗಿ ಮಗುವಿನ ಅಜ್ಜ, ಇಲ್ಲದಿದ್ದರೆ ಉಮ್ಮನ ತಮ್ಮ. ಮಗುವಿನ ಉಪ್ಪ ಗಲ್ಫ್‌ನಲ್ಲಿ, ಉಮ್ಮ ಬಾಣಂತಿ ಕೋಣೆಯಲ್ಲಿ. ಮನೆಯವರ ಕಣ್ಣು ಕೆಂಪಾಗಿರುತ್ತದೆ. ಮೂರು ನಾಲ್ಕು ವಾರದಿಂದ ಯಾರಿಗೂ ಸರಿ ನಿದ್ದೆ ಇಲ್ಲ ಅಂತ ಮುಖ ನೋಡಿದರೇ ಗೊತ್ತಾಗುತ್ತದೆ.

ನಾವು ದುಆ ಮಾಡುತ್ತೇವೆ, ಓದಿ ಊದುತ್ತೇವೆ. ಅದು ಬೇಡ ಎಂದು ಹೇಳಲು ಈ ಬರಹ ಅಲ್ಲ. ಆದರೆ ಅದರ ಜೊತೆಗೇ ಮೂರು ಪ್ರಶ್ನೆ ಕೇಳುವ ಅಭ್ಯಾಸ ಮಾಡಿಕೊಂಡಿದ್ದೇವೆ. ಮಗುವಿಗೆ ಎಷ್ಟು ವಾರ ಆಯ್ತು? ಹಗಲು ಎಷ್ಟು ಹೊತ್ತು ಮಲಗುತ್ತದೆ? ರಾತ್ರಿ ನಿಮ್ಮ ಮನೆಯಲ್ಲಿ ಲೈಟ್ ಎಷ್ಟು ಗಂಟೆಗೆ ಆಫ್ ಆಗುತ್ತದೆ? ಮೊದಲ ಎರಡಕ್ಕೆ ಉತ್ತರ ಬೇಗ ಬರುತ್ತದೆ. ಮೂರನೆಯದಕ್ಕೆ ಸ್ವಲ್ಪ ಯೋಚಿಸುತ್ತಾರೆ. ಹನ್ನೆರಡು, ಹನ್ನೆರಡೂವರೆ. ಕೆಲವು ಮನೆಗಳಲ್ಲಿ ಒಂದು ಗಂಟೆ. ದೊಡ್ಡವರೇ ಒಂದು ಗಂಟೆಗೆ ಮಲಗುವ ಮನೆಯಲ್ಲಿ ಐದು ವಾರದ ಮಗುವಿಗೆ ಒಂಬತ್ತು ಗಂಟೆಯೇ ರಾತ್ರಿ ಎಂದು ತಿಳಿಸಿಕೊಡುವವರು ಯಾರು?

ಎಚ್ಚರ ಆಗುವುದು ಕಾಯಿಲೆ ಅಲ್ಲ

ಹುಟ್ಟಿದ ಮಗು ದಿನದ 24 ಗಂಟೆಯಲ್ಲಿ ಸುಮಾರು 14ರಿಂದ 17 ಗಂಟೆ ನಿದ್ದೆ ಮಾಡುತ್ತದೆ. ಅಂದರೆ ನಿದ್ದೆ ಕಡಿಮೆ ಇಲ್ಲ. ಒಂದೇ ಸಲ ಇಲ್ಲ, ಅಷ್ಟೇ. ಎರಡು ಗಂಟೆ, ಮೂರು ಗಂಟೆ, ಕೆಲವೊಮ್ಮೆ ಮುಕ್ಕಾಲು ಗಂಟೆ, ಹೀಗೆ ತುಂಡು ತುಂಡು. ಹೊಟ್ಟೆ ಚಿಕ್ಕದು, ಎದೆಹಾಲು ಬೇಗ ಜೀರ್ಣವಾಗುತ್ತದೆ. ದಿನಕ್ಕೆ 8ರಿಂದ 12 ಸಲ ಹಾಲು ಬೇಕು. ಅದರಲ್ಲಿ ಮೂರು ನಾಲ್ಕು ಸಲ ರಾತ್ರಿಯ ಲೆಕ್ಕಕ್ಕೇ ಬೀಳುತ್ತದೆ.

ಇನ್ನೊಂದು ವಿಷಯ ಅಜ್ಜಿಯಂದಿರಿಗೆ ಅನುಭವದಿಂದ ಗೊತ್ತಿದೆ, ಕಾರಣ ಮಾತ್ರ ಬೇರೆ ಹೇಳುತ್ತಾರೆ. ಹೊಟ್ಟೆಯಲ್ಲಿದ್ದಾಗ ಉಮ್ಮ ಹಗಲು ಓಡಾಡುತ್ತಿದ್ದಳು, ಆ ತೂಗಾಟಕ್ಕೆ ಮಗು ಸುಮ್ಮನಿರುತ್ತಿತ್ತು. ರಾತ್ರಿ ಅವಳು ಮಲಗಿದಾಗ ಒದೆಯಲು ಶುರು ಮಾಡುತ್ತಿತ್ತು. ಹುಟ್ಟಿದ ಮೇಲೂ ಕೆಲವು ವಾರ ಅದೇ ಲೆಕ್ಕ ಮುಂದುವರಿಯುತ್ತದೆ. ಹಗಲು ಹಾಯಾಗಿ ಮಲಗಿ ರಾತ್ರಿ ಹನ್ನೊಂದಕ್ಕೆ ಕಣ್ಣು ಪಿಳಿಪಿಳಿ ಬಿಡುತ್ತದೆ. ಇದಕ್ಕೆ ಕಣ್ಣು ಬಿದ್ದದ್ದು, ಗಾಳಿ ತಾಗಿದ್ದು ಎಂದು ಹೆಸರಿಡುವ ಅಗತ್ಯ ಇಲ್ಲ. ಹಗಲು ಯಾವುದು, ರಾತ್ರಿ ಯಾವುದು ಎಂದು ತಿಳಿಸುವ ದೇಹದ ಒಳಗಿನ ಗಡಿಯಾರ ಮಗುವಿನಲ್ಲಿ ಇನ್ನೂ ಚಾಲೂ ಆಗಿಲ್ಲ. ಅದು ಎರಡನೇ ಮೂರನೇ ತಿಂಗಳಲ್ಲಿ ನಿಧಾನಕ್ಕೆ ಶುರುವಾಗುತ್ತದೆ.

ಅಲ್ಲಾಹನ ವ್ಯವಸ್ಥೆ ನೋಡಿ. ಮಗುವಿಗೆ ಸ್ವಂತ ಗಡಿಯಾರ ಇಲ್ಲದ ಆ ತಿಂಗಳುಗಳಲ್ಲಿ ಉಮ್ಮನ ಹಾಲೇ ಅದಕ್ಕೆ ಸಮಯ ಹೇಳುತ್ತದೆ. ನಿದ್ದೆ ಬರಿಸುವ ಮೆಲಟೋನಿನ್ ಎಂಬ ಅಂಶ ರಾತ್ರಿಯ ಎದೆಹಾಲಿನಲ್ಲಿರುತ್ತದೆ, ಹಗಲಿನ ಹಾಲಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಉಮ್ಮನ ದೇಹದಲ್ಲಿ ಇದು ತಯಾರಾಗಬೇಕಾದರೆ ಕತ್ತಲೆ ಬೇಕು. ರಾತ್ರಿ ಹನ್ನೆರಡರವರೆಗೆ ಟ್ಯೂಬ್‌ಲೈಟಿನ ಅಡಿಯಲ್ಲಿ, ಮುಖಕ್ಕೆ ಮೊಬೈಲ್ ಹಿಡಿದು ಕೂತರೆ ಅದು ಆಗುವುದಿಲ್ಲ.

ಹಾಗಾದರೆ ಹಗಲು ರಾತ್ರಿಯನ್ನು ಕಲಿಸುವುದು ಹೇಗೆ? ದೊಡ್ಡ ವಿದ್ಯೆ ಏನಿಲ್ಲ. ಬೆಳಿಗ್ಗೆ ಏಳು ಎಂಟು ಗಂಟೆಗೆ ಬಾಣಂತಿ ಕೋಣೆಯ ಕಿಟಕಿ ತೆರೆಯಿರಿ. ನಮ್ಮಲ್ಲಿ ನಲ್ವತ್ತು ದಿನ ಆ ಕೋಣೆಯ ಕಿಟಕಿ ಮುಚ್ಚಿ, ಪರದೆ ಎಳೆದು, ಹಗಲೂ ಅರ್ಧ ಕತ್ತಲು ಮಾಡಿ ಇಡುವ ರೂಢಿ ಇದೆ. ಅದೇ ಕೋಣೆಯಲ್ಲಿ ರಾತ್ರಿ ಲೈಟ್ ಉರಿಯುತ್ತಿರುತ್ತದೆ. ಮಗುವಿಗೆ ಹಗಲೂ ಮಬ್ಬು, ರಾತ್ರಿಯೂ ಬೆಳಕು. ತಲೆಕೆಳಗಾಗದೆ ಇನ್ನೇನಾದೀತು? ಹೊರಗೆ ಕರೆದುಕೊಂಡು ಹೋಗಬೇಕು ಎಂದೇನಿಲ್ಲ, ಜಗಲಿಯ ಒಳಗಿನ ಬೆಳಕು ಸಾಕು. ಹಗಲು ಮಗು ಮಲಗಿದ್ದಾಗ ಮನೆಯವರು ಪಿಸುಗುಟ್ಟುವುದು ಬೇಡ. ಮಿಕ್ಸಿ ಓಡಲಿ, ಮಕ್ಕಳು ಮದ್ರಸದ ಪಾಠ ಓದಲಿ. ಹಗಲು ಮೂರು ಗಂಟೆಗಿಂತ ಜಾಸ್ತಿ ಒಂದೇ ಸಮ ಮಲಗಿದರೆ ಮೆಲ್ಲ ಎಬ್ಬಿಸಿ ಹಾಲು ಕೊಡಿ.

ಎಣ್ಣೆ ಹಚ್ಚಿ ಮೀಯಿಸುವ ವಿಷಯವೂ ಇಲ್ಲೇ ಬರುತ್ತದೆ. ಬೆಳಿಗ್ಗೆ ಹತ್ತು ಗಂಟೆಗೆ ಮೀಯಿಸಲು ಬರುವ ಹೆಂಗಸು ಚೆನ್ನಾಗಿ ತಿಕ್ಕಿ, ಬಿಸಿಬಿಸಿ ನೀರು ಹೊಯ್ದು, ಬಟ್ಟೆಯಲ್ಲಿ ಸುತ್ತಿ ಕೊಟ್ಟರೆ ಮಗು ನಾಲ್ಕು ಗಂಟೆ ಎಚ್ಚರವೇ ಇಲ್ಲ. ಮನೆಯವರಿಗೆ ಖುಷಿ. ಆ ಸಾಲವನ್ನು ಮಗು ರಾತ್ರಿ ಬಡ್ಡಿ ಸಮೇತ ತೀರಿಸುತ್ತದೆ. ಅಷ್ಟು ತಿಕ್ಕುವುದೂ ಬೇಡ, ಅಷ್ಟು ಬಿಸಿಯೂ ಬೇಡ. ಮೊಣಕೈಗೆ ಹಿತವಾಗುವ ಬಿಸಿ ಸಾಕು. ಮಿಂದ ಮೇಲೆ ಸಾಂಬ್ರಾಣಿ ಹೊಗೆ ಹಾಕುವುದನ್ನಂತೂ ಬಿಟ್ಟೇ ಬಿಡಿ, ಮಗುವಿನ ಎದೆಗೆ ಹೊಗೆ ಯಾವುದಾದರೂ ಹೊಗೆಯೇ.

ಸಂಜೆ ಮಗ್ರಿಬ್‌ನ ನಂತರ ಮನೆ ಮೆಲ್ಲಗೆ ತಣ್ಣಗಾಗಬೇಕು. ಇಶಾ ಆಗುವಾಗ ಮಗುವಿನ ಕೋಣೆಯಲ್ಲಿ ದೊಡ್ಡ ಲೈಟ್ ಬೇಡ, ಸಣ್ಣ ಹಳದಿ ಬಲ್ಬ್ ಸಾಕು. ಒದ್ದೆ ಬಟ್ಟೆಯಲ್ಲಿ ಮೈ ಒರೆಸಿ, ಬಟ್ಟೆ ಬದಲಿಸಿ, ಹಾಲು ಕೊಟ್ಟು, ಒಂದು ಜೋಗುಳ. ನಮ್ಮ ಬ್ಯಾರಿ ಜೋಗುಳಗಳು ಈಗ ಮೊಬೈಲ್‌ಗೆ ಸೋತು ಹೋಗುತ್ತಿವೆ ಎಂಬುದು ಬೇರೆಯೇ ಒಂದು ಸಂಕಟ. ಅಜ್ಜಿ ಇದ್ದರೆ ಅವರಿಂದ ಎರಡಾದರೂ ಕಲಿತುಕೊಳ್ಳಿ. ದಿನಾ ಒಂದೇ ಕ್ರಮ, ಒಂದೇ ಹೊತ್ತು. ರಾತ್ರಿ ಹಾಲಿಗೆ ಎದ್ದಾಗ ಮಾತಾಡಿಸುವುದು, ನಗಿಸುವುದು, ಲೈಟ್ ಹಾಕುವುದು ಬೇಡ. ಹಾಲು ಕೊಡಿ, ತೇಗು ಬರಿಸಿ, ಮತ್ತೆ ಮಲಗಿಸಿ. ಮಲ ಮಾಡದಿದ್ದರೆ ಡೈಪರ್ ಬಿಚ್ಚುವ ಗಡಿಬಿಡಿಯೂ ಬೇಡ. ಎರಡು ಮೂರು ವಾರ ಬಿಡದೆ ಮಾಡಿದರೆ ವ್ಯತ್ಯಾಸ ಕಾಣಿಸುತ್ತದೆ.

ಗಲ್ಫ್‌ನಿಂದ ಬರುವ ಕಾಲ್

ಇದನ್ನು ಬರೆಯಲು ನಮಗೆ ಸ್ವಲ್ಪ ಸಂಕೋಚ. ದೂರದಲ್ಲಿ ದುಡಿಯುವವನಿಗೆ ಮಗುವಿನ ಮುಖ ನೋಡುವ ಆಸೆ ಇರುವುದಿಲ್ಲವೇ? ಕೆಲವರು ಮಗು ಹುಟ್ಟಿದ್ದನ್ನು ಮೊಬೈಲ್‌ನಲ್ಲೇ ನೋಡಿದವರು, ಎತ್ತಿಕೊಳ್ಳಲು ಒಂದು ವರ್ಷ ಕಾಯಬೇಕಾದವರು. ಆದರೂ ಹೇಳಲೇಬೇಕು, ಯಾಕೆಂದರೆ ನಮ್ಮ ಮನೆಗಳಲ್ಲಿ ಹಸುಗೂಸಿನ ರಾತ್ರಿ ಕೆಡುವುದಕ್ಕೆ ಇದು ದೊಡ್ಡ ಕಾರಣ.

ಸೌದಿ, ಕತರ್, ಕುವೈಟ್, ಬಹರೈನ್ ನಮಗಿಂತ ಎರಡೂವರೆ ಗಂಟೆ ಹಿಂದೆ. ದುಬೈ, ಮಸ್ಕತ್ ಒಂದೂವರೆ ಗಂಟೆ ಹಿಂದೆ. ಜಿದ್ದಾದ ಅಂಗಡಿಯಲ್ಲಿ ರಾತ್ರಿ ಹತ್ತಕ್ಕೆ ಡ್ಯೂಟಿ ಮುಗಿದರೆ ಇಲ್ಲಿ ಹನ್ನೆರಡೂವರೆ. ರೂಮಿಗೆ ಬಂದು, ಕೈಕಾಲು ಮುಖ ತೊಳೆದು ವಿಡಿಯೋ ಕಾಲ್ ಮಾಡುವಾಗ ಒಂದು ಗಂಟೆ. "ಮಗು ಎಲ್ಲಿ, ಸ್ವಲ್ಪ ತೋರಿಸು" ಅನ್ನುತ್ತಾನೆ. ಆಗಷ್ಟೇ ಮಲಗಿದ ಮಗುವಿನ ಮುಖಕ್ಕೆ ಲೈಟ್ ಹಾಕುತ್ತಾರೆ. ಮಗು ಕಣ್ಣು ಬಿಟ್ಟರೆ ಅಲ್ಲಿಂದ ಚಪ್ಪಾಳೆ, ಶಿಳ್ಳೆ, ರೂಮಿನವರೆಲ್ಲ ಬಂದು ನೋಡುತ್ತಾರೆ. ಕಾಲ್ ಇಟ್ಟ ಮೇಲೆ ಅವನು ಮಲಗುತ್ತಾನೆ. ಉಮ್ಮ ಮೂರು ಗಂಟೆಯವರೆಗೆ ಮಗು ತೂಗುತ್ತಾಳೆ. ಮರುದಿನ ರಾತ್ರಿ ಮಗು ಅದೇ ಹೊತ್ತಿಗೆ ತಾನಾಗಿಯೇ ಏಳುತ್ತದೆ, ಯಾಕೆಂದರೆ ಅದಕ್ಕೆ ಅದು ಪಾಠವಾಗಿಬಿಟ್ಟಿದೆ.

ಗಲ್ಫ್‌ನಲ್ಲಿರುವ ನಮ್ಮ ಸಹೋದರರಲ್ಲಿ ಒಂದು ವಿನಂತಿ. ಡ್ಯೂಟಿಗೆ ಹೊರಡುವ ಮೊದಲು ಸೌದಿಯಲ್ಲಿ ಏಳು ಗಂಟೆ ಆದರೆ ಊರಲ್ಲಿ ಒಂಬತ್ತೂವರೆ. ಮಗು ಎದ್ದು ಕೈಕಾಲು ಆಡಿಸುವ ಒಳ್ಳೆಯ ಹೊತ್ತು. ದುಬೈಯಲ್ಲಿ ಏಳು ಅಂದರೆ ಇಲ್ಲಿ ಎಂಟೂವರೆ. ಅಂಗಡಿ ಕೆಲಸದವರಿಗೆ ಮಧ್ಯಾಹ್ನ ಬಿಡುವಿದ್ದರೆ ಸೌದಿಯ ಎರಡು ಗಂಟೆ ಇಲ್ಲಿಯ ನಾಲ್ಕೂವರೆ. ಆಗ ಮಗುವನ್ನು ನೋಡಿ, ಎಷ್ಟು ಬೇಕಾದರೂ ಮಾತಾಡಿಸಿ. ರಾತ್ರಿ ಹೆಂಡತಿಯ ಜೊತೆ ಮಾತಾಡಲೇಬೇಕು ಅಂದರೆ ಅವಳು ಎದ್ದು ಪಕ್ಕದ ಕೋಣೆಯಲ್ಲಿ ಹತ್ತು ನಿಮಿಷ ಮಾತಾಡಲಿ, ಮಗು ಮಲಗಿರಲಿ. ಮಲಗಿದ ಮಗುವಿನ ಫೋಟೋ ಹಗಲಲ್ಲೇ ತೆಗೆದು ಕಳುಹಿಸಿದರೆ ಆಯ್ತಲ್ಲ. ವಿಚಾರಿಸಿದಾಗ "ಅವರಿಗೆ ಬೇಜಾರಾಗುತ್ತದೆ, ಹೇಗೆ ಹೇಳುವುದು" ಎನ್ನುವ ಸೊಸೆಯಂದಿರೇ ಹೆಚ್ಚು. ಆದ್ದರಿಂದ ಹೇಳುವ ಕೆಲಸ ಮಗುವಿನ ಅಜ್ಜ ಅಜ್ಜಿಯರದ್ದು. ಬೇಕಿದ್ದರೆ ಈ ಪುಟದ ಫೋಟೋ ತೆಗೆದು ಕಳುಹಿಸಿ.

ಮಗು ನೋಡಲು ಬರುವವರದ್ದೂ ಇದೇ ಕತೆ. ಇಶಾ ಮುಗಿಸಿ, ಊಟ ಮಾಡಿ, ಹತ್ತು ಗಂಟೆಗೆ ಕಾರಿನಲ್ಲಿ ಎಂಟು ಜನ ಬರುವುದು ಎಂತ ಮರ್ಯಾದೆ ಮಾರಾಯ್ರೆ? ಅಸರ್ ನಂತರ ಬಂದು ಮಗ್ರಿಬ್ ಬಾಂಗಿನ ಮೊದಲು ಹೊರಡಿ.

ಬೀಡಿ ಕಟ್ಟುವ ಮನೆಗಳ ಕಷ್ಟ ಬೇರೆ. ನಾಳೆ ಬ್ರಾಂಚಿಗೆ ಲೆಕ್ಕ ಒಪ್ಪಿಸಬೇಕು, ಹಗಲು ಮಗುವಿನಿಂದಾಗಿ ಬೀಡಿ ಆಗಲಿಲ್ಲ, ಆದ್ದರಿಂದ ರಾತ್ರಿ ಲೈಟ್ ಹಾಕಿ ಉಮ್ಮ ತಡ್ಪೆ ಹಿಡಿದು ಕೂರುತ್ತಾಳೆ. ಪಕ್ಕದಲ್ಲೇ ಮಗು. ಲೈಟ್ ಒಂದೇ ಅಲ್ಲ, ಹೊಗೆಸೊಪ್ಪಿನ ಧೂಳೂ ಮಗುವಿನ ಮೂಗಿಗೆ ಹೋಗುತ್ತದೆ. ದುಡಿಮೆ ಬಿಡಿ ಎಂದು ಹೇಳುವ ಹಕ್ಕು ನಮಗಿಲ್ಲ. ಆದರೆ ತಡ್ಪೆ ಮತ್ತು ಮಗು ಒಂದೇ ಕೋಣೆಯಲ್ಲಿ ಬೇಡ. ಬೀಡಿ ಕಟ್ಟಿದ ಕೈಯನ್ನು ಸೋಪು ಹಾಕಿ ತೊಳೆದು, ಮೇಲಿನ ಬಟ್ಟೆ ಬದಲಿಸಿ ಹಾಲು ಕೊಡಲಿ. ಆ ಮೂರು ತಿಂಗಳು ಲೆಕ್ಕ ಸ್ವಲ್ಪ ಕಡಿಮೆಯಾದರೆ ಮನೆಯ ಗಂಡಸರು ಮುಖ ಗಂಟಿಕ್ಕಬಾರದು.

"ಹಾಲು ಸಾಲುವುದಿಲ್ಲ" ಎಂಬ ಮಾತು

ಮಗು ರಾತ್ರಿ ಎರಡು ಸಲ ಅತ್ತರೆ ಸಾಕು, ಯಾರಾದರೂ ಒಬ್ಬರು ಹೇಳಿಬಿಡುತ್ತಾರೆ: "ಅವಳ ಹಾಲು ಸಾಲುವುದಿಲ್ಲ, ರಾತ್ರಿಗೆ ಒಂದು ಬಾಟಲಿ ಡಬ್ಬದ ಹಾಲು ಕೊಡಿ." ಹೇಳುವವರು ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಈ ಒಂದು ಮಾತು ಎಷ್ಟೋ ಬಾಣಂತಿಯರ ಕಣ್ಣೀರಿಗೆ ಕಾರಣ. ಹಾಲು ಉತ್ಪತ್ತಿ ಮಾಡುವ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ರಾತ್ರಿಯಲ್ಲೇ ಜಾಸ್ತಿ. ರಾತ್ರಿ ಮಗು ಚೀಪಿದಷ್ಟೂ ಮರುದಿನಕ್ಕೆ ಹಾಲು ಕೂಡುತ್ತದೆ. ರಾತ್ರಿಯ ಹಾಲನ್ನು ಬಾಟಲಿಗೆ ಬಿಟ್ಟರೆ ಕೆಲವು ವಾರದಲ್ಲಿ ನಿಜವಾಗಿಯೂ ಹಾಲು ಕಡಿಮೆಯಾಗುತ್ತದೆ. ಆಮೇಲೆ "ನಾವು ಹೇಳಲಿಲ್ವಾ" ಅಂತ ಅದೇ ಜನ.

ಹಾಲು ಸಾಲುತ್ತದೋ ಇಲ್ಲವೋ ಎಂದು ಅಳುವಿನಿಂದ ಅಳೆಯಬೇಡಿ, ಒದ್ದೆಯಾದ ಬಟ್ಟೆಯಿಂದ ಅಳೆಯಿರಿ. ಒಂದು ವಾರ ದಾಟಿದ ಮಗು ದಿನಕ್ಕೆ ಆರು ಸಲವಾದರೂ ಮೂತ್ರ ಮಾಡುತ್ತಿದ್ದರೆ, ತೂಕ ಏರುತ್ತಿದ್ದರೆ ಹಾಲು ಸಾಲುತ್ತಿದೆ. ಸಂಜೆ ಹೊತ್ತು ಅರ್ಧ ಗಂಟೆಗೊಮ್ಮೆ ಹಾಲು ಕೇಳುವುದು ಕೂಡ ಈ ವಯಸ್ಸಿನ ಕ್ರಮವೇ. ಆರು ತಿಂಗಳವರೆಗೆ ಎದೆಹಾಲು ಮಾತ್ರ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನೀರು ಕೂಡ ಬೇಡ. ನಮ್ಮ ಹತ್ತಿರ ಮಂತ್ರಿಸಿದ ನೀರು ಕೇಳುವವರಿಗೂ ಹೇಳುವುದು ಇದನ್ನೇ: ಆ ನೀರನ್ನು ಉಮ್ಮ ಕುಡಿಯಲಿ, ಮಗುವಿನ ಬಾಯಿಗೆ ಬೇಡ. ಜೇನನ್ನು ಒಂದು ವರ್ಷ ತುಂಬುವವರೆಗೆ ನೆಕ್ಕಿಸಲೂ ಬಾರದು. ಅದರಲ್ಲಿ ಇರಬಹುದಾದ ಒಂದು ಬಗೆಯ ರೋಗಾಣು ಹಸುಗೂಸಿನ ನರಗಳಿಗೇ ವಿಷವಾಗುತ್ತದೆ.

ನಿದ್ದೆಗೆಂದು ಕೊಡುವ ಮದ್ದುಗಳ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇವೆ. ಗ್ರೈಪ್ ವಾಟರ್ ಎಂಬುದು 1851ರಲ್ಲಿ ಇಂಗ್ಲೆಂಡಿನಲ್ಲಿ ವಿಲಿಯಂ ವುಡ್‌ವರ್ಡ್ ಎಂಬವರು ಮಾಡಿದ್ದು. ಹಳೆಯ ಕಾಲದ ಅದರಲ್ಲಿ ಆಲ್ಕೋಹಾಲ್ ಇತ್ತು. ಆಗಿನ ಮಕ್ಕಳು ಅದು ಕುಡಿದು ಮಲಗಿದ್ದರಲ್ಲಿ ಆಶ್ಚರ್ಯ ಏನಿದೆ? ಈಗ ಆಲ್ಕೋಹಾಲ್ ಇಲ್ಲ, ಆದರೆ ಅದರಿಂದ ರಾತ್ರಿ ನಿದ್ದೆ ಬರುತ್ತದೆ ಎಂಬುದಕ್ಕೆ ಆಧಾರವೂ ಇಲ್ಲ. ಬಜೆ ತೇಯ್ದು ನೆಕ್ಕಿಸುವುದು ಕರಾವಳಿಯ ಎಲ್ಲ ಸಮುದಾಯದಲ್ಲೂ ಇದೆ. ಬಜೆಯಲ್ಲಿರುವ ಬೀಟಾ ಆಸರೋನ್ ಎಂಬ ಅಂಶದ ಕಾರಣಕ್ಕೆ ಅಮೆರಿಕ 1968ರಲ್ಲೇ ಅದನ್ನು ಆಹಾರದಲ್ಲಿ ಬಳಸುವುದನ್ನು ನಿಷೇಧಿಸಿದೆ. ಎಲ್ಲಕ್ಕಿಂತ ಅಪಾಯ ನೆಗಡಿಯ ಸಿರಪ್. ದೊಡ್ಡ ಮಗುವಿಗೆ ತಂದದ್ದು ಮನೆಯಲ್ಲಿ ಉಳಿದಿರುತ್ತದೆ, "ಎರಡು ಹನಿ ಕೊಟ್ಟರೆ ಮಲಗುತ್ತದೆ" ಎಂದು ಯಾರೋ ಹೇಳಿರುತ್ತಾರೆ. ನೆಗಡಿಗೆ ಕೊಡುವ ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಬೆರೆಸಿದ ಔಷಧವನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು ಎಂದು 2023ರ ಡಿಸೆಂಬರ್‌ನಲ್ಲಿ ಕೇಂದ್ರದ ಔಷಧ ನಿಯಂತ್ರಕರೇ ಹೇಳಿದ್ದಾರೆ. ಹಸುಗೂಸಿನ ಉಸಿರಿಗೇ ಕುತ್ತು ತರುವ ವಸ್ತು ಅದು.

ಮಲಗಿಸುವಾಗ

ಹಸುಗೂಸಿನ ನಿದ್ದೆಯಲ್ಲಿ ಸುಮಾರು ಅರ್ಧ ಭಾಗ ಚಟುವಟಿಕೆಯ ನಿದ್ದೆ. ಮುಲುಕುತ್ತದೆ, ಮುಖ ಕಿವುಚುತ್ತದೆ, ಕೈ ಎಸೆಯುತ್ತದೆ, ಕುಂಯ್ ಅನ್ನುತ್ತದೆ. ಆದರೆ ಮಲಗಿಯೇ ಇರುತ್ತದೆ. ನಮ್ಮ ಮನೆಗಳಲ್ಲಿ ಕುಂಯ್ ಅನ್ನುವ ಮೊದಲೇ ಮೂವರು ಓಡಿ ಬಂದು ಎತ್ತಿಕೊಳ್ಳುತ್ತಾರೆ, ಮಲಗಿದ್ದ ಮಗು ಎಚ್ಚರವಾಗುತ್ತದೆ. ಒಂದು ನಿಮಿಷ ಕಾಯಿರಿ. ಕೈಯನ್ನು ಎದೆಯ ಮೇಲೆ ಮೆಲ್ಲಗೆ ಇಡಿ. ಎಷ್ಟೋ ಸಲ ತಾನಾಗಿಯೇ ಸುಮ್ಮನಾಗುತ್ತದೆ. ಅತ್ತರೆ ಎತ್ತಿಕೊಳ್ಳಿ, ಅದರಲ್ಲಿ ಎರಡು ಮಾತಿಲ್ಲ. ಈ ವಯಸ್ಸಿನ ಮಗುವನ್ನು "ಅತ್ತು ಅತ್ತು ಕಲಿಯಲಿ" ಎಂದು ಬಿಡುವುದು ನಮ್ಮ ಕ್ರಮವೂ ಅಲ್ಲ, ವೈದ್ಯರು ಹೇಳುವುದೂ ಅಲ್ಲ.

ತೊಟ್ಟಿಲು ಒಳ್ಳೆಯದೇ. ಆದರೆ ಪೂರ್ತಿ ನಿದ್ದೆ ಬರುವವರೆಗೆ ತೂಗಿ, ಆಮೇಲೂ ತೂಗುತ್ತಲೇ ಇದ್ದರೆ ತೂಗಾಟ ನಿಂತ ಕ್ಷಣ ಮಗು ಏಳುತ್ತದೆ. ಕಣ್ಣು ಭಾರವಾಗಿ, ಇನ್ನೂ ಅರ್ಧ ಎಚ್ಚರ ಇರುವಾಗಲೇ ತೂಗುವುದನ್ನು ನಿಲ್ಲಿಸುತ್ತಾ ಬನ್ನಿ. ಒಂದೇ ದಿನಕ್ಕೆ ಆಗುವುದಿಲ್ಲ, ಎರಡು ತಿಂಗಳ ಮೇಲೆ ಮೆಲ್ಲ ಮೆಲ್ಲ ಆಗುತ್ತದೆ. ಸೀರೆಯ ಜೋಲಿ ಮತ್ತು ಸ್ಪ್ರಿಂಗ್ ತೊಟ್ಟಿಲಿನಲ್ಲಿ ಮಗುವಿನ ಬೆನ್ನು ಬಾಗಿ ಗಲ್ಲ ಎದೆಗೆ ತಾಗುತ್ತದೆ, ಉಸಿರಾಟಕ್ಕೆ ಕಷ್ಟ. ಕಣ್ಣೆದುರು ಸ್ವಲ್ಪ ಹೊತ್ತು ಇದ್ದರೆ ಬೇರೆ, ರಾತ್ರಿಯಿಡೀ ಅದರಲ್ಲಿ ಬೇಡ.

ರಾತ್ರಿ ಮಗುವಿಗೆ ಬೇಕಾದದ್ದು ಸಮತಟ್ಟಾದ ಗಟ್ಟಿ ಹಾಸಿಗೆ, ಉಮ್ಮನ ಕೈಗೆಟುಕುವ ಹತ್ತಿರ, ಅಂಗಾತ ಮಲಗುವುದು. ಅಂಗಾತ ಮಲಗಿಸಬೇಕು ಎಂದು ಅಮೆರಿಕದಲ್ಲಿ 1994ರಲ್ಲಿ ದೊಡ್ಡ ಪ್ರಚಾರ ಶುರುವಾಯಿತು. ನಂತರದ ವರ್ಷಗಳಲ್ಲಿ ಅಲ್ಲಿ ಹಸುಗೂಸುಗಳು ನಿದ್ದೆಯಲ್ಲೇ ಕಾರಣ ತಿಳಿಯದೆ ತೀರಿಕೊಳ್ಳುವುದು ಸುಮಾರು ಅರ್ಧದಷ್ಟು ಇಳಿಯಿತು. ಕವುಚಿ ಮಲಗಿಸಿದರೆ ಗಾಢ ನಿದ್ದೆ ಬರುತ್ತದೆ ಎಂಬುದು ನಿಜ. ಆ ಗಾಢತೆಯೇ ಅಪಾಯ. ತಲೆ ಗುಂಡಗಾಗಲಿ ಎಂದು ಇಡುವ ಸಾಸಿವೆ ದಿಂಬು, ಬಾರ್ಸೆಗೆ ಇಡುವ ಎರಡು ತಲೆದಿಂಬು, ದಪ್ಪ ಕಂಬಳಿ, ಯಾರೋ ಗಲ್ಫ್‌ನಿಂದ ತಂದ ಉಣ್ಣೆಯ ಗೊಂಬೆ, ಯಾವುದೂ ಮಗುವಿನ ಹತ್ತಿರ ಬೇಡ. ನಮ್ಮ ಏಪ್ರಿಲ್ ಮೇ ಸೆಖೆಯಲ್ಲಿ ಟೋಪಿ, ಸಾಕ್ಸ್, ಮೂರು ಪದರ ಬಟ್ಟೆ ಹಾಕಿ ಫ್ಯಾನ್ ಆಫ್ ಮಾಡಿದರೆ ಯಾವ ಮಗು ಮಲಗೀತು? ಕುತ್ತಿಗೆಯ ಹಿಂಭಾಗ ಮುಟ್ಟಿ ನೋಡಿ, ಬೆವರಿದ್ದರೆ ಒಂದು ಪದರ ತೆಗೆಯಿರಿ. ಫ್ಯಾನ್ ಮೆಲ್ಲಗೆ ತಿರುಗಲಿ.

ಮಂಗಳೂರು ಸುತ್ತಮುತ್ತ ಮಲೇರಿಯಾ, ಡೆಂಗಿ ಭಯ ಇದ್ದೇ ಇದೆ. ಕಾಯಿಲ್ ಹೊಗೆಗಿಂತ ಮಕ್ಕಳ ಸೊಳ್ಳೆಪರದೆ ಮೇಲು, ಹಗಲಿಗೂ ಇರಲಿ. ಬೀಡಿ ಸಿಗರೇಟು ಸೇದುವವರು ಮಗುವಿನ ಜೊತೆ ಒಂದೇ ಹಾಸಿಗೆಯಲ್ಲಿ ಮಲಗಲೇಬಾರದು. ಸೋಫಾದಲ್ಲಿ ಮಗುವನ್ನು ಎದೆಯ ಮೇಲಿಟ್ಟು ಕಣ್ಣು ಮುಚ್ಚುವುದು ಇನ್ನೂ ಅಪಾಯ.

ಇನ್ನು ನೂಲಿನ ವಿಷಯ. ಉಸ್ತಾದರೇ ಇದನ್ನು ಬರೆದರೆ ಕೆಲವರಿಗೆ ಇಷ್ಟವಾಗಲಿಕ್ಕಿಲ್ಲ. ಮಲಗುವ ಮಗುವಿನ ಕುತ್ತಿಗೆಯಲ್ಲಿ ನೂಲು, ತಾಯಿತ, ಸರ ಯಾವುದೂ ಇರಬಾರದು. ಹೊರಳಿದಾಗ ಎಲ್ಲಿಗಾದರೂ ಸಿಕ್ಕಿಕೊಂಡರೆ, ತಾಯಿತ ಬಾಯಿಗೆ ಹೋದರೆ ನೋಡುವವರಿಲ್ಲ. ಆಯತುಲ್ ಕುರ್ಸಿ ಓದಿ ಮಗುವಿನ ಮೇಲೆ ಕೈ ಸವರುವುದಕ್ಕೆ ನೂಲು ಬೇಕಾಗಿಲ್ಲ. ಉಮ್ಮನೇ ಓದಬಹುದು. ಮುಟ್ಟಿನ, ಬಾಣಂತನದ ದಿನಗಳಲ್ಲೂ ದ್ಸಿಕ್ರ್, ದುಆಕ್ಕೆ ಅಡ್ಡಿ ಇಲ್ಲ, ರಕ್ಷಣೆ ಬೇಡುವ ದ್ಸಿಕ್ರ್‌ನ ಉದ್ದೇಶದಿಂದಲೇ ಹೇಳಿಕೊಳ್ಳಲಿ.

ಉಮ್ಮನ ನಿದ್ದೆ

ಮಗುವಿನ ನಿದ್ದೆಯ ಬಗ್ಗೆ ಎಲ್ಲರೂ ಕೇಳುತ್ತಾರೆ, ಉಮ್ಮನ ನಿದ್ದೆಯ ಬಗ್ಗೆ ಕೇಳುವವರು ಕಡಿಮೆ. ನಮಾಝ್‌ನಲ್ಲಿ ನಿಂತಾಗ ಹಿಂದಿನಿಂದ ಮಗು ಅಳುವುದು ಕೇಳಿಸಿದರೆ, ಅದರ ತಾಯಿಗೆ ಸಂಕಟವಾದೀತೆಂದು ಪ್ರವಾದಿ(ಸ)ರು ನಮಾಝ್ ಚಿಕ್ಕದು ಮಾಡುತ್ತಿದ್ದರು ಎಂಬುದನ್ನು ನಾವು ಮದ್ರಸದಲ್ಲಿ ಮಕ್ಕಳಿಗೆ ಕಲಿಸುತ್ತೇವೆ. ಮನೆಗೆ ಬಂದ ಮೇಲೆ ಅದೇ ತಾಯಿ ರಾತ್ರಿ ಐದು ಸಲ ಎದ್ದರೂ ಬೆಳಿಗ್ಗೆ ಏಳಕ್ಕೆ ಪತ್ತಿರ್ ಮಾಡಲು ನಿಲ್ಲಬೇಕು. ನಲ್ವತ್ತರವರೆಗೆ ತವರಿನಲ್ಲಿ ಪರವಾಗಿಲ್ಲ, ಆಮೇಲೆ ಗಂಡನ ಮನೆಗೆ ಬಂದಾಗ ಕಷ್ಟ ಶುರು.

ನಮ್ಮ ಮನೆಗಳಲ್ಲಿ ಇದಕ್ಕೆ ಸುಲಭದ ದಾರಿಯೊಂದಿದೆ. ಸುಬ್‌ಹಿಗೆ ಮನೆಯ ಹಿರಿಯರು ಹೇಗೂ ಏಳುತ್ತಾರೆ. ಆ ಹೊತ್ತಿಗೆ ಉಮ್ಮ ಮಗುವಿಗೆ ಹೊಟ್ಟೆ ತುಂಬಾ ಹಾಲು ಕೊಟ್ಟು ಅಜ್ಜಿಯ ಅಥವಾ ಅಜ್ಜನ ಕೈಗೆ ಕೊಡಲಿ. ಅಜ್ಜ ಜಗಲಿಯಲ್ಲಿ ಎತ್ತಿಕೊಂಡು ಕೂರಲಿ, ಬೆಳಕು ಮೂಡುವುದನ್ನು ಮಗು ನೋಡಲಿ. ಉಮ್ಮ ನಮಾಝ್ ಇದ್ದರೆ ಮುಗಿಸಿ ಎಂಟು ಗಂಟೆಯವರೆಗೆ ಮಲಗಲಿ. ಒಂದೇ ಸಲ ಸಿಗುವ ಎರಡು ಮೂರು ಗಂಟೆ ನಿದ್ದೆ, ಅಷ್ಟೇ ಹೊತ್ತಿನ ತುಂಡು ತುಂಡಾದ ನಿದ್ದೆಗಿಂತ ಮೇಲು. ಊರಲ್ಲೇ ಇರುವ ಉಪ್ಪಂದಿರಿಗೂ ಕೈ ಇದೆ. ತೇಗು ಬರಿಸುವುದು, ಬಟ್ಟೆ ಬದಲಿಸುವುದು, ಹೆಗಲ ಮೇಲೆ ಹಾಕಿ ಓಡಾಡಿಸುವುದಕ್ಕೆ ಹಾಲು ಬೇಕಾಗಿಲ್ಲ.

ರಂಝಾನ್‌ನಲ್ಲಿ ಮನೆಯ ಗಡಿಯಾರವೇ ಬದಲಾಗುತ್ತದೆ. ತರಾವೀಹ್ ಮುಗಿದು ಹನ್ನೊಂದರವರೆಗೆ ತಿಂಡಿ, ಮಾತು. ನಾಲ್ಕಕ್ಕೆ ಸಹರಿಯ ಪಾತ್ರೆ ಸದ್ದು. ಆ ತಿಂಗಳು ಮಗು ಮಲಗುವ ಕೋಣೆಯನ್ನು ಅಡುಗೆಮನೆಯಿಂದ ದೂರ ಮಾಡಿ, ಬಾಗಿಲು ಮುಚ್ಚಿ. ಹಾಲುಣಿಸುವ ತಾಯಿಗೆ ತನ್ನ ಅಥವಾ ಮಗುವಿನ ಆರೋಗ್ಯದ ಭಯ ಇದ್ದರೆ ಉಪವಾಸ ಬಿಟ್ಟು ಆಮೇಲೆ ಖಳಾ ಮಾಡುವ ರಿಯಾಯಿತಿ ಇದೆ. ಮಗುವಿನ ಕಾರಣಕ್ಕೆ ಮಾತ್ರ ಬಿಟ್ಟರೆ ಶಾಫಿಈ ಮದ್‌ಹಬ್‌ನಲ್ಲಿ ಫಿದ್ಯಾ ಕೂಡಾ ಇದೆ. "ನಾವೆಲ್ಲ ಹಿಡಿಯಲಿಲ್ವಾ" ಎಂದು ಅವಳನ್ನು ಕುಟುಕುವುದು ದೀನ್ ಅಲ್ಲ.

ಆರು ವಾರದ ಸುಮಾರಿಗೆ ಅಳು ಜೋರಾಗುತ್ತದೆ. ದಿನಕ್ಕೆ ಮೂರು ಗಂಟೆ ಅಳುವ, ಆದರೆ ಆರೋಗ್ಯವಾಗಿರುವ ಮಕ್ಕಳಿದ್ದಾರೆ. ಮೂರು ನಾಲ್ಕು ತಿಂಗಳಿಗೆ ಅದು ತಾನಾಗಿ ಇಳಿಯುತ್ತದೆ. ಅಂತಹ ರಾತ್ರಿ ತಾಳ್ಮೆ ಕೆಟ್ಟರೆ ಮಗುವನ್ನು ಹಾಸಿಗೆಯಲ್ಲಿ ಅಂಗಾತ ಮಲಗಿಸಿ, ಐದು ನಿಮಿಷ ಹೊರಗೆ ನಿಂತು ಬನ್ನಿ, ಇನ್ನೊಬ್ಬರನ್ನು ಎಬ್ಬಿಸಿ. ಮಗುವನ್ನು ಹಿಡಿದು ಅಲುಗಾಡಿಸಬಾರದು. ಮೆದುಳಿಗೆ ಪೆಟ್ಟಾಗುತ್ತದೆ.

ಬಾಣಂತಿಗೆ ಮೊದಲ ಎರಡು ವಾರ ಸುಮ್ಮಸುಮ್ಮನೆ ಅಳು ಬರುವುದು ಸಹಜ. ಅದರ ನಂತರವೂ ಮುಖ ಬಾಡಿದ್ದರೆ, ಮಗು ಮಲಗಿದಾಗಲೂ ಅವಳಿಗೆ ನಿದ್ದೆ ಬಾರದಿದ್ದರೆ, ಮಗು ಬೇಡ, ಬದುಕು ಬೇಡ ಎಂಬಂತಹ ಮಾತು ಬಂದರೆ ಅದು ಜಿನ್ನೂ ಅಲ್ಲ, ಸೋಮಾರಿತನವೂ ಅಲ್ಲ. ಕಾಯಿಲೆ, ಮದ್ದು ಇದೆ. ಹೆರಿಗೆ ಮಾಡಿದ ವೈದ್ಯರನ್ನು ಕಾಣಿಸಿ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿಗೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ.

ಮಗುವನ್ನು ಉಸ್ತಾದರ ಹತ್ತಿರ ಅಲ್ಲ, ನೇರ ಆಸ್ಪತ್ರೆಗೆ ಒಯ್ಯಬೇಕಾದ ಸಂದರ್ಭಗಳೂ ಇವೆ. ಮೂರು ತಿಂಗಳೊಳಗಿನ ಮಗುವಿಗೆ 100.4 ಡಿಗ್ರಿ ಜ್ವರ ಬಂದರೆ ಬೆಳಗಾಗಲಿ ಎಂದು ಕಾಯಬೇಡಿ. ಹಾಲು ಕುಡಿಯದಿದ್ದರೆ, ಉಸಿರು ಏದುಸಿರಾದರೆ, ಹಸಿರು ವಾಂತಿಯಾದರೆ, ಅಳು ಬೇರೆಯೇ ತರಹ ಕೀರಲಾಗಿದ್ದರೂ ಹಾಗೆಯೇ. ಇನ್ನೊಂದನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ: ಮೊದಲ ವಾರದಲ್ಲಿ ಎಬ್ಬಿಸಿದರೂ ಏಳದೆ ಮಲಗಿಯೇ ಇರುವ, ಮೈ ಕಣ್ಣು ಹಳದಿಯಾದ ಮಗು. "ಎಷ್ಟು ಪಾಪದ ಮಗು, ಸದ್ದೇ ಇಲ್ಲ" ಎಂದು ಹೊಗಳುವ ಮೊದಲು ವೈದ್ಯರಿಗೆ ತೋರಿಸಿ. ಕಡಿಮೆ ತೂಕದ ಮಗುವನ್ನು ಹುಟ್ಟಿದಾಗಿನ ತೂಕ ದಾಟುವವರೆಗೆ ರಾತ್ರಿಯೂ ಮೂರು ಗಂಟೆಗೊಮ್ಮೆ ಎಬ್ಬಿಸಿ ಹಾಲು ಕೊಡಬೇಕು. ಆಸ್ಪತ್ರೆಯಲ್ಲಿ ಹೆರಿಗೆಯಾದ ಮಗುವನ್ನು ನೋಡಲು 3, 7, 14, 21, 28 ಮತ್ತು 42ನೇ ದಿನ ಆಶಾ ಕಾರ್ಯಕರ್ತೆ ಮನೆಗೆ ಬರುವ ವ್ಯವಸ್ಥೆ ಇದೆ. ಬಂದವರನ್ನು ಜಗಲಿಯಿಂದಲೇ ಕಳುಹಿಸದೆ ಒಳಗೆ ಕರೆದು ತೂಕ ನೋಡಿಸಿ, ರಾತ್ರಿಯ ವಿಷಯ ಅವರಲ್ಲಿ ಕೇಳಿ.